ಕಂಬಳಿ ಹೊದ್ದ ಬಂಡಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಹೆಸರನ್ನೆತ್ತಿದೊಡನೆ ಕೇಳುವವರ ಮನಸ್ಸು ತೆಂಗಿನ ತೋಟಕ್ಕೆ ಹೋಗುವುದು ಸಹಜ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇದ್ದು, ಚಿಪ್ಪಿನೊಳಗೇ ನೀರಿಂಗಿ ಉಂಡೆಯಾಗುವ ನಮ್ಮ ಕೊಬ್ಬರಿಯು ದೇಶದ ದೂರದ ಪೇಟೆಗಳವರೆಗೆ ಹೋಗತಕ್ಕದ್ದು. ಆದರೆ ಈ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟದ ಮೇಲೆ ಕೊಬ್ಬರಿಯಿದ್ದಂತೆ ಪೆಟ್ಟಿಗೆಯೊಳಗೆ ಒಂದು ಕಂಬಳಿಯೂ ಇರುವುದುಂಟು. ಆ ಎರಡನೆಯ ಸಂಪತ್ತಿನ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂಬುದು ನನ್ನ ಉದ್ದೇಶ.

ಕಳೆದ ಕಾರ್ತಿಕದಲ್ಲಿ ನಮ್ಮ ತಾಯಿಯವರಿಗೆ ಎಂಬತ್ತನಾಲ್ಕು ತುಂಬಿತು. ಒಮ್ಮೆ ಗೋಕರ್ಣದ ಸಮುದ್ರವನ್ನು ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಬೆನ್ನುನೋವಿನಿಂದ ಅವರು ಒಂದು ಗಳಿಗೆಗಿಂತ ಹೆಚ್ಚು ಹೊತ್ತು ಕುಳಿತಿರಲಾರರು. ನನ್ನ ಸೋದರಳಿಯನ ಬಳಿ ಒಂದು ಹಳೆಯ ವ್ಯಾನು ಇದೆ. ಅವನು ಅದರ ಹಿಂದಿನ ಆಸನಗಳನ್ನು ತೆಗೆಸಿ, ಅಜ್ಜಿ ಮಲಗಿಕೊಂಡೇ ಹೋಗುವಂತೆ ಒಂದು ಮಂಚವನ್ನು ಕೂರಿಸಿದನು. ಪರದೇಶಗಳಲ್ಲಿ ಜನರು ಇಂಥ ಗಾಡಿಗಳನ್ನೇ ಚಕ್ರದ ಮೇಲಿನ ಮನೆಗಳಾಗಿ ಮಾಡಿಕೊಂಡು, ಚಿತ್ತಾರದ ಉಣ್ಣೆಯ ಬಟ್ಟೆಗಳಿಂದ ಒಳಭಾಗವನ್ನು ಅಲಂಕರಿಸುವರಂತೆ. ಅಮೆರಿಕದ ಆರಿಗಾನ್ ಪ್ರಾಂತದ ಪೆಂಡಲ್ಟನ್ ಎಂಬ ಊರಿನಲ್ಲಿ 1909ರಿಂದ ನೇಯುತ್ತ ಬಂದಿರುವ ಕಂಬಳಿಗಳಿಗೆ ಈಗಲೂ ಬಹಳ ಗಿರಾಕಿಯುಂಟು. ಇದನ್ನೆಲ್ಲ ವರ್ಣಿಸಿ ಅವನು, “ಮಾವ, ಪೆಟ್ಟಿಗೆಯಲ್ಲಿ ತಾತನ ಕಂಬಳಿ ಸುಮ್ಮನೆ ಬಿದ್ದಿದೆಯಲ್ಲ, ಅದನ್ನು ಕತ್ತರಿಸಿ ಮಂಚಕ್ಕೂ ಕಿಟಕಿಗೂ ಹಾಕೋಣವೇ?” ಎಂದನು.

ನನಗೆ ಎದೆಯಲ್ಲಿ ಚುಚ್ಚಿದಂತಾಯಿತು. ಆ ಕಂಬಳಿಯು ಕರಿಯ ಮೈಯದು. ಎರಡು ತುದಿಗಳಲ್ಲಿ ಬಿಳಿ ಮತ್ತು ಕಂದು ಪಟ್ಟೆಗಳು, ನಡುವೆ ಸಣ್ಣ ಚೌಕುಳಿ. ಬಣ್ಣ ಹಾಕಿದ್ದಲ್ಲ, ಕುರಿಯೇ ಕೊಟ್ಟದ್ದು. 1971–72ರ ಸುಮಾರಿಗೆ, ನಾನು ಆರೇಳು ವರ್ಷದ ಹುಡುಗನಾಗಿದ್ದಾಗ, ನಮ್ಮ ತಂದೆಯವರು ಕಮಾನಿನ ಗಾಡಿಗೆ ಅದೇ ಕಂಬಳಿಯನ್ನು ಹೊದಿಸಿ ನಮ್ಮನ್ನೆಲ್ಲ ಎಡೆಯೂರು ಜಾತ್ರೆಗೆ ಕರೆದೊಯ್ದಿದ್ದರು. ಹೊರಗೆ ಮಂಜು, ಒಳಗೆ ಹುಲ್ಲಿನ ಬೆಚ್ಚಗಿನ ಹಾಸು, ಮೇಲೆ ಉಣ್ಣೆಯ ವಾಸನೆ. ಅವರು ಕಾಲವಾದ ಮೇಲೆ ಅದನ್ನು ಬೇವಿನೆಲೆಯೊಡನೆ ಮಡಿಸಿಟ್ಟವನು ನಾನೇ. “ಕತ್ತರಿಯನ್ನು ಅದರ ಹತ್ತಿರ ತರಕೂಡದು” ಎಂದು ಖಂಡಿತವಾಗಿ ಹೇಳಿಬಿಟ್ಟೆನು. ತಾಯಿಯವರು ಮಾತ್ರ, “ಪೆಟ್ಟಿಗೆಯಲ್ಲಿದ್ದರೆ ಯಾರಿಗೆ ಬೆಚ್ಚಗಾಗುತ್ತದಪ್ಪ?” ಎಂದು ಕೇಳಿ ಸುಮ್ಮನಾದರು.

ಆ ರಾತ್ರಿ ನಿದ್ರೆ ಬಾರದೆ, ಓದಿದ ವ್ಯಾಕರಣವನ್ನು ನೆನೆಯುತ್ತ ಮಲಗಿದ್ದೆನು. ಯಾವ ವಸ್ತುವಿನಿಂದ ರಥವನ್ನು ಮುಚ್ಚಿದೆಯೋ ಆ ವಸ್ತುವಿನಿಂದಲೇ ರಥಕ್ಕೆ ಹೆಸರು ಬರುವ ವಿಧಿಯೊಂದು ಪಾಣಿನಿಯ ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿದೆ. ಕಂಬಳಿ ಮುಚ್ಚಿದ ರಥವು ‘ಕಾಂಬಲ’. ಪಾಂಡುಕಂಬಲವನ್ನು ಮುಚ್ಚಿದ್ದು ‘ಪಾಂಡುಕಂಬಲಿ’. ಪಾಂಡುಕಂಬಲವೆಂದರೆ ಅರಸರು ಹಾಸಿಕೊಳ್ಳುವ ಬಣ್ಣದ ಕಂಬಳಿಯೆಂದು ವೃತ್ತಿಕಾರರು ವಿವರಿಸಿರುವರು. ಕೌಟಿಲ್ಯನು ಉಣ್ಣೆಯ ಸರಕುಗಳನ್ನು ಎಣಿಸುವಾಗ ಕುದುರೆಯ ಮೇಲೆ ಹಾಸುವ ಬಟ್ಟೆಯನ್ನೂ, ಎಂಟು ತುಂಡುಗಳನ್ನು ಕೂಡಿಸಿ ಮಾಡಿದ, ಮಳೆಯನ್ನು ತಡೆಯುವ ನೇಪಾಳದ ಕರಿಯ ಕಂಬಳಿಯನ್ನೂ ಹೇಳಿದ್ದಾನೆ. ಹಾಗಾದರೆ ಬಂಡಿಗೆ ಕಂಬಳಿ ಹೊದಿಸುವುದು ಪರದೇಶದವರ ಹೊಸ ಷೋಕಿಯಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸಂಸ್ಕೃತವನ್ನು ಹೇಳಿಕೊಟ್ಟ ನನಗೆ ಈ ಮಾತು ಮನೆಯ ಹುಡುಗನೊಬ್ಬನಿಂದ ನೆನಪಾಗಬೇಕಾಯಿತೇ ಎಂದು ನಾಚಿಕೆಯಾಯಿತು. ಆದರೂ ಕತ್ತರಿಯ ಪ್ರಶ್ನೆ ಹಾಗೆಯೇ ಉಳಿಯಿತು.

ಬೆಳಗಾದ ಮೇಲೆ, ನೇಯುವವರನ್ನೇ ಕೇಳೋಣವೆಂದು ಕಂಬಳಿಯನ್ನು ಕಟ್ಟಿಕೊಂಡು ಹೊರಟೆವು. ತುರುವೇಕೆರೆಯ ಹೊಯ್ಸಳರ ಗುಡಿಗಳಿಗೆ ದೂರದಿಂದಲೇ ಕೈಮುಗಿದು, ನೊಣವಿನಕೆರೆಯ ವಿಶಾಲವಾದ ನೀರನ್ನು ನೋಡುತ್ತ ತಿಪಟೂರನ್ನು ಸೇರಿ, ಮಂಚದ ಹಾಸಿಗೆಗಾಗಿ ತೆಂಗಿನ ನಾರನ್ನು ಕೊಂಡೆವು. ಅಲ್ಲಿಂದ ಚಿಕ್ಕನಾಯಕನಹಳ್ಳಿಯ ಕಡೆಗೆ ದಾರಿಯ ಎರಡು ಪಕ್ಕಗಳಲ್ಲಿಯೂ ತೆಂಗಿನ ನೆರಳು. ಆ ಊರನ್ನು ದಾಟಿ ಹುಳಿಯಾರಿನತ್ತ ಸಾಗಿದಂತೆ ತೋಟಗಳು ವಿರಳವಾಗಿ, ಕುರುಚಲು ಕಾವಲುಗಳೂ ಕುರಿಮಂದೆಗಳೂ ಕಾಣತೊಡಗಿದವು. ನೀರಿದ್ದಲ್ಲಿ ತೆಂಗು, ನೀರಿಲ್ಲದಲ್ಲಿ ಕುರಿ. ನಮ್ಮ ಸೀಮೆಯ ಅರ್ಥಶಾಸ್ತ್ರವೆಲ್ಲ ಇಷ್ಟೇ.

ಹುಳಿಯಾರಿನ ಆಚೆಯ ಒಂದು ಹಳ್ಳಿಯಲ್ಲಿ ಕುರುಬರ ಮನೆಯೊಂದರ ಹಜಾರದಲ್ಲಿ ಗುಂಡಿಮಗ್ಗ ಇನ್ನೂ ನಡೆಯುತ್ತಿತ್ತು. ಎಪ್ಪತ್ತು ವರ್ಷದ ಯಜಮಾನರು ಗುಂಡಿಯಲ್ಲಿ ಕಾಲಿಳಿಬಿಟ್ಟು ಲಾಳಿ ಎಸೆಯುತ್ತಿದ್ದರು. ಅವರ ಹೆಂಡತಿ ಬಾಗಿಲಲ್ಲಿ ರಾಟೆ ತಿರುಗಿಸುತ್ತಿದ್ದರು. ಕುರಿಯ ತುಪ್ಪಟವನ್ನು ವರ್ಷಕ್ಕೆ ಎರಡಾವರ್ತಿ ಕತ್ತರಿಸಿ, ಬಣ್ಣಬಣ್ಣವಾಗಿ ವಿಂಗಡಿಸಿ, ಹಿಂಜಿ, ನೂಲುವರು. ಹಾಸಿನ ನೂಲಿಗೆ ಹುಣಿಸೆಬೀಜದ ಸರಿಯನ್ನು ಬಳಿದು, ಬಿಸಿಲಿನಲ್ಲಿ ಒಣಗಿಸುವರು. ನೂಲಿಗೆ ಬಿಗಿ ಬರುವುದು ಇದರಿಂದಲೇ. ಹೊಸ ಕಂಬಳಿಯು ಹಲಗೆಯಂತೆ ಗಡುಸಾಗಿರುವುದಕ್ಕೂ ಈ ಸರಿಯೇ ಕಾರಣ. ಬಳಸಿದಷ್ಟೂ ಅದು ಮೆತ್ತಗಾಗುವುದು.

ಯಜಮಾನರು ನಮ್ಮ ಕಂಬಳಿಯನ್ನು ಬಿಚ್ಚಿ, ಬೆಳಕಿಗೆ ಹಿಡಿದು, ನಡುವೆ ಬೆರಳೆಳೆದರು. ನಾನು ಐವತ್ತು ವರ್ಷಗಳಿಂದ ಕಂಡಿದ್ದರೂ ನೋಡದಿದ್ದ ಒಂದು ಹೊಲಿಗೆ ಅಲ್ಲಿತ್ತು. ಮಗ್ಗದ ಅಗಲ ಕಿರಿದಾದುದರಿಂದ ಎರಡು ಪಟ್ಟಿಗಳನ್ನು ಬೇರೆಬೇರೆಯಾಗಿ ನೇಯ್ದು ಕೂಡಿಸಿದ್ದರು.

“ಇದಕ್ಕೆ ಕತ್ತರಿ ಯಾಕೆ ಮೇಷ್ಟ್ರೇ? ಹೊಲಿಗೆ ಬಿಚ್ಚಿದರೆ ಆಯಿತು. ಬೇಕಾದಾಗ ಮತ್ತೆ ಸೇರಿಸಿಕೊಳ್ಳಿ. ಸೇರಿಸಿದವರು ನಾವೇ ಅಲ್ಲವೇ?” ಎಂದು ಅವರು ನಕ್ಕರು.

ಎಷ್ಟು ಸುಲಭವಾದ ಪರಿಹಾರ! ನಾನು ಗ್ರಂಥಗಳಲ್ಲಿ ಹುಡುಕುತ್ತಿದ್ದ ಉತ್ತರವು ಬಟ್ಟೆಯಲ್ಲಿಯೇ ಇತ್ತು.

ಕಿಟಕಿಗಳಿಗಾಗಿ ಅವರಿಂದಲೇ ಬಿಳಿ-ಕಂದು ಪಟ್ಟೆಯ ಹೊಸ ಕಂಬಳಿಯೊಂದನ್ನು ಕೊಂಡೆವು. ಹೊರಡುವಾಗ ಅವರ ವ್ಯಾಪಾರದ ಸ್ಥಿತಿಯನ್ನು ಕೇಳಿದೆನು. ಗಿರಣಿಯ ಅಗ್ಗದ ಹೊದಿಕೆಗಳು ಬಂದ ಮೇಲೆ ತುಪ್ಪಟವನ್ನು ಕೇಳುವವರು ಕಡಿಮೆ. ಕುರಿಯನ್ನು ಮಾಂಸಕ್ಕಾಗಿಯೇ ಸಾಕುವುದು ಹೆಚ್ಚು. ಕತ್ತರಿಸಿದ ಕೂಲಿಯೂ ಹುಟ್ಟದೆ ತುಪ್ಪಟವನ್ನು ಎಸೆಯುವವರೂ ಉಂಟು. ಅವರ ಮಕ್ಕಳಿಬ್ಬರೂ ಪಟ್ಟಣಗಳಲ್ಲಿರುವರು. ಮಗ್ಗ ತಮ್ಮ ಕಾಲಕ್ಕೆ ಮುಗಿಯುವುದೆಂದು ಅವರು ಹೇಳಿದಾಗ ಧ್ವನಿಯಲ್ಲಿ ದೂರಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ವ್ಯಥೆಯಾಯಿತು.

ಇನ್ನು ನಾವು ಮಾಡಿದ ಕೆಲಸವನ್ನು ಗೃಹಸ್ಥರಿಗೆ ಉಪಯೋಗವಾಗುವಂತೆ ತಿಳಿಸುವೆನು. ಬಿಚ್ಚಿದ ಒಂದು ಪಟ್ಟಿಯು ಮಂಚದ ಅಗಲಕ್ಕೆ ಸರಿಯಾಗಿ ಬಂದಿತು. ಕೆಳಗೆ ನಾರಿನ ಹಾಸಿಗೆ. ಕಂಬಳಿ ಮೈಗೆ ಚುಚ್ಚುವುದರಿಂದ ಮೇಲೆ ತೆಳುವಾದ ಹತ್ತಿಯ ಬಟ್ಟೆ. ಕಂಬಳಿಗೆ ಮೊಳೆ ಹೊಡೆಯದೆ ದಾರಗಳಿಂದ ಕಟ್ಟಿದೆವು. ಬಿಚ್ಚಿ ಕೊಡವಿ ಬಿಸಿಲಿಗೆ ಹಾಕಬೇಕಲ್ಲವೇ? ಹೊಸ ಕಂಬಳಿಯಲ್ಲಿ ಪರದೆಗಳನ್ನು ಮಾಡುವಾಗ ಕತ್ತರಿ ಅನಿವಾರ್ಯವಾಯಿತು. ಆದರೆ ಮೊದಲು ಕತ್ತರಿಸುವ ಗೆರೆಯ ಎರಡು ಪಕ್ಕಗಳಲ್ಲಿಯೂ ಹೊಲಿಗೆ ಹಾಕಿ, ಆಮೇಲೆ ಕತ್ತರಿಸತಕ್ಕದ್ದು. ಇಲ್ಲವಾದರೆ ದಪ್ಪ ನೂಲು ಬಿಚ್ಚಿಕೊಂಡು ಹೋಗುವುದು. ಪಟ್ಟೆಗಳನ್ನು ಉದ್ದಕ್ಕೆ ಬಿಟ್ಟರೆ ಗಾಡಿಯ ಕಿರಿದಾದ ಒಳಭಾಗವು ಎತ್ತರವಾಗಿ ಕಾಣುವುದು. ತೆಂಗಿನ ಹುರಿಯೇ ಪರದೆಯ ಸರಿಗೆ, ಕರಟದ ಬಿಲ್ಲೆಗಳೇ ಗುಂಡಿಗಳು.

ಉಳಿದ ತುಂಡುಗಳಿಂದ ಮನೆಯಲ್ಲಿ ಎರಡು ಲೋಡುಗಳಿಗೆ ಗವಸು ಹೊಲಿಸಿ, ಹಜಾರದ ಬೆಂಚಿಗೆ ಹಾಸಿದೆವು. ಕೆಂಪುಗಾರೆಯ ನೆಲಕ್ಕೆ ಬಿಳಿ-ಕಂದು ಪಟ್ಟೆ ಬಹಳ ಒಪ್ಪುವುದು; ಆದರೆ ಒಂದು ಕೋಣೆಗೆ ಒಂದೇ ಚಿತ್ತಾರ ಸಾಕು. ನೆಲದ ಮೇಲೆ ಹಾಸುವುದಾದರೆ ಕೆಳಗೆ ನಾರಿನ ಚಾಪೆಯಿರಲಿ. ಉಣ್ಣೆಯು ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸದಾದ್ದರಿಂದ, ಮೋಸ ಹೋಗುವವರು ನಾವೇ. ಒಗೆಯುವಾಗ ತಣ್ಣೀರು, ಅಂಟುವಾಳದ ನೊರೆ. ಬಿಸಿನೀರು ಹಾಕಿದರೆ ಕಂಬಳಿ ಕುಗ್ಗುವುದು, ಹಿಂಡಿದರೆ ಆಕಾರ ಕೆಡುವುದು. ಕೊಳ್ಳುವಾಗ ಒಂದು ಎಳೆಯನ್ನು ಸುಟ್ಟು ನೋಡಿರಿ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾದರೆ ಉಣ್ಣೆ. ಕರಗಿ ಮಣಿಯಂತೆ ಗಟ್ಟಿಯಾದರೆ ಕೃತಕ ನೂಲು.

ಮಾರ್ಗಶಿರದಲ್ಲಿ ಅರಸೀಕೆರೆ, ಕಡೂರು, ಶಿವಮೊಗ್ಗದ ಮೇಲೆ ಹೊರಟೆವು. ಸಾಗರವನ್ನು ತಲಪುವ ಹೊತ್ತಿಗೆ ಕತ್ತಲಾಗಿ ಮಲೆನಾಡಿನ ಚಳಿ ಹಿಡಿಯಿತು. ಪರದೆಗಳನ್ನು ಎಳೆದೆವು. ತಂದೆಯವರ ಕಂಬಳಿಯ ಒಂದು ಪಟ್ಟಿ ತಾಯಿಯವರ ಕೆಳಗಿತ್ತು, ಇನ್ನೊಂದು ಮೇಲೆ. ಅವರ ದೃಷ್ಟಿ ಈಗ ಮಂದ, ತುದಿಯ ಚೌಕುಳಿಯನ್ನು ಬೆರಳಿನಿಂದ ತಡವುತ್ತ, “ಎಡೆಯೂರಿಗೆ ಹೋಗುವಾಗ ನೀನು ಇದರೊಳಗೇ ಮಲಗಿಬಿಟ್ಟಿದ್ದೆ. ಜಾತ್ರೆಯಲ್ಲಿ ಇಳಿಸುವವರೆಗೂ ಏಳಲಿಲ್ಲ” ಎಂದರು. ಆ ಸಂಗತಿ ನನಗೆ ತಿಳಿದೇ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವರಿಗೆ ನಿದ್ರೆ ಹತ್ತಿತು. ಮಾರನೆಯ ದಿನ ಗೋಕರ್ಣದಲ್ಲಿ ವ್ಯಾನಿನ ಹಿಂಬಾಗಿಲನ್ನು ತೆರೆದಾಗ ಅವರು ಕಂಬಳಿ ಹೊದ್ದು ಒರಗಿಕೊಂಡೇ ಸಮುದ್ರವನ್ನು ನೋಡಿದರು, ಸಾಕೆನ್ನುವವರೆಗೆ ನೋಡಿದರು.

ವಾಚಕರಲ್ಲಿ ನನ್ನ ಅರಿಕೆಯಿಷ್ಟೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿಯೂ ಹಿರಿಯರ ಕಂಬಳಿಯೊಂದಿದ್ದರೆ, ಅದನ್ನು ಹೊರಗೆ ತೆಗೆದು ಬಿಸಿಲಿಗೆ ಹಿಡಿಯಿರಿ. ನಡುವೆ ಹೊಲಿಗೆಯುಂಟೋ ನೋಡಿರಿ. ಇಲ್ಲದಿದ್ದರೆ ಮಗ್ಗ ನಿಲ್ಲುವುದಕ್ಕೆ ಮುಂಚೆ ಹೋಗಿ ಒಂದನ್ನು ಕೊಳ್ಳಿರಿ.