ಜೋಳದ ಬೇರಿಗಿದ್ದ ನಂಟು

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದರೆ ಹಂಗಳದ ಕಡೆಗೆ ಎಡಕ್ಕೂ ಬಲಕ್ಕೂ ಕೋಸು, ಬೀಟ್‌ರೂಟ್, ಚೆಂಡುಹೂ, ಸೂರ್ಯಕಾಂತಿ. ಕಾರು ನಿಲ್ಲಿಸಿ ಹೂವಿನ ನಡುವೆ ಫೋಟೊ ತೆಗೆಸಿಕೊಳ್ಳುವವರಿಗೆ ಇದೆಲ್ಲ ಜೋಳದ ಹೊಲವಾಗಿತ್ತು ಎಂದರೆ ನಗುತ್ತಾರೆ. ಮುಂಗಾರಿಗೆ ಜೋಳ, ನಡುನಡುವೆ ಅವರೆ, ತೊಗರಿ, ಅಲಸಂದೆಯ ಅಕ್ಕಡಿ ಸಾಲು, ಬದುವಿಗೆ ಹರಳು, ಕೊಯ್ಲಾದ ಮೇಲೆ ಹುರುಳಿ. ಮಳೆನೆರಳಿನ ಸೀಮೆ ಇದು. ಬೋರ್‌ವೆಲ್ ಬರುವ ತನಕ ಬೇರೆ ದಾರಿಯೂ ಇರಲಿಲ್ಲ.

ಜೋಳ ಹೋಯಿತು ಎಂದು ಮರುಗುವವರು ಇದ್ದಾರೆ. ಅದರ ಬೇರಿನೊಳಗೆ ಇದ್ದದ್ದಕ್ಕೆ ಮರುಗಿದವರನ್ನು ನಾನು ಕಂಡಿಲ್ಲ. ಮೈಕೊರೈಜಾ ಎಂಬ ಶಿಲೀಂಧ್ರ ಅದು, ಬರಿಗಣ್ಣಿಗೆ ಕಾಣದು. ಬೇರಿನ ಜೀವಕೋಶದೊಳಗೆ ಪುಟ್ಟ ಮರದಂತೆ ಕವಲೊಡೆದು ಕೂರುತ್ತದೆ. ಹೊರಗೆ ಬೇರುಗೂದಲು ಮುಟ್ಟಲಾರದ ದೂರಕ್ಕೆ ಎಳೆ ಚಾಚುತ್ತದೆ. ರಂಜಕ ಮಣ್ಣಿನಲ್ಲಿ ತಾನಾಗಿ ಹೆಚ್ಚು ಚಲಿಸುವುದಿಲ್ಲ. ಬೇರಿನ ಸುತ್ತ ಇದ್ದದ್ದು ಮುಗಿದರೆ ಗಿಡಕ್ಕೆ ಉಪವಾಸ. ಆಗ ಈ ಎಳೆಗಳೇ ರಂಜಕ, ಸತು, ಒಂದಿಷ್ಟು ನೀರನ್ನೂ ತಂದು ಕೊಡುತ್ತವೆ. ಗಿಡ ಬದಲಿಗೆ ಸಕ್ಕರೆ, ಕೊಬ್ಬು ಕೊಡುತ್ತದೆ. ಸುಮಾರು 40 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳಲ್ಲೂ ಈ ಕೊಡುಕೊಳ್ಳುವಿಕೆಯ ಗುರುತಿದೆ.

ಈ ಶಿಲೀಂಧ್ರವನ್ನು ಬೆಳೆಸಬೇಕೆಂದರೆ ಪ್ರಯೋಗಾಲಯದವರು ಇಂದಿಗೂ ಕುಂಡದಲ್ಲಿ ಹೆಚ್ಚಾಗಿ ಹಾಕುವುದು ಜೋಳವನ್ನೋ ಮೆಕ್ಕೆಜೋಳವನ್ನೋ. ನಮ್ಮ ಹಿರಿಯರು ಹೆಸರೂ ತಿಳಿಯದೆ ಹೊಲದ ತುಂಬ ಅದನ್ನೇ ಸಾಕುತ್ತಿದ್ದರು. ಒಂದಲ್ಲ ಒಂದು ಹಸಿ ಬೇರು ವರ್ಷದ ಬಹುಪಾಲು ಮಣ್ಣಿನಲ್ಲಿರುತ್ತಿತ್ತು, ಕುಂಟೆಯೂ ಆಳಕ್ಕೆ ಹೋಗುತ್ತಿರಲಿಲ್ಲ. ಜೋಳದ ಕೂಳೆ ಕಿತ್ತರೆ ಕೆಂಪು ಮಣ್ಣು ಬೇರಿಗೆ ಕಚ್ಚಿಕೊಂಡೇ ಬರುತ್ತಿತ್ತು. ಮಕ್ಕಳು ನಾವು ಬದುವಿಗೆ ಬಡಿದು ಬಡಿದು ಉದುರಿಸಬೇಕಿತ್ತು. ಅಷ್ಟಕ್ಕೂ ಶಿಲೀಂಧ್ರವೇ ಕಾರಣವಲ್ಲ, ಆದರೆ ಮಣ್ಣಿನ ಕಣ ಹಿಡಿದಿಡುವುದರಲ್ಲಿ ಅದರ ಎಳೆಗೂ ಪಾಲಿದೆ.

ಆಮೇಲೆ ಸರ್ಕಾರಿ ಗೊಬ್ಬರ ಬಂತು. ಡಿಎಪಿ ಚೀಲದಲ್ಲಿ ರಂಜಕ ಸುಲಭವಾಗಿ ಸಿಕ್ಕರೆ ಗಿಡ ಶಿಲೀಂಧ್ರಕ್ಕೆ ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ. ಟ್ರ್ಯಾಕ್ಟರ್ ನೇಗಿಲು ಎಳೆಗಳನ್ನು ಹರಿದುಹಾಕಿತು. ಶುಂಠಿಯ ಕೊಳೆರೋಗಕ್ಕೆಂದು ಬುಡಕ್ಕೆ ಸುರಿಯುವ ಔಷಧಿಗಳಲ್ಲಿ ಕೆಲವಕ್ಕೆ ನೆಂಟ ಯಾರು, ಕಳ್ಳ ಯಾರು ತಿಳಿಯದು. ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಬೆಳೆಯ ಆಯ್ಕೆ. ಅರಿಸಿನ, ಈರುಳ್ಳಿ, ಬಾಳೆ ಈ ಶಿಲೀಂಧ್ರಕ್ಕೆ ಜಾಗ ಕೊಡುತ್ತವೆ. ಕೋಸಿನ ಕುಲವೂ ಬೀಟ್‌ರೂಟಿನ ಕುಲವೂ ಒಳಕ್ಕೇ ಬಿಟ್ಟುಕೊಳ್ಳುವುದಿಲ್ಲ. ಕೋಸಿನ ಮೇಲೆ ಬೀಟ್‌ರೂಟ್, ಅದರ ಮೇಲೆ ಮತ್ತೆ ಕೋಸು ಎಂದು ಹಾಕುತ್ತ ಹೋದರೆ ಶಿಲೀಂಧ್ರ ಯಾರ ಮನೆಯಲ್ಲಿ ಉಣ್ಣಬೇಕು? ರೈತನನ್ನು ದೂರುವುದೂ ನ್ಯಾಯವಲ್ಲ. ಜೋಳ ಬೆಳೆದು ಸಾಲ ತೀರಿಸಿದವರು ಎಷ್ಟು ಮಂದಿ?

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಈ ಶಿಲೀಂಧ್ರದ ಮೇಲೆ ದಶಕಗಳ ಕಾಲ ದುಡಿದರು. ಈಗ ಅದು ‘ವ್ಯಾಮ್’ ಎಂಬ ಹೆಸರಲ್ಲಿ ಪ್ಯಾಕೆಟ್‌ನಲ್ಲಿ ಸಿಗುತ್ತದೆ. ಪರಿಚಯದ ರೈತರೊಬ್ಬರು ಹೋದ ಸಲ ಎರಡು ಚೀಲ ತಂದು, ಡಿಎಪಿ ಜೊತೆಗೇ ಕಲಸಿ ಕೋಸಿಗೆ ಹಾಕಿದ್ದರು. ಅಂಗಡಿಯವರು ಎಲ್ಲ ಬೆಳೆಗೂ ಆಗುತ್ತದೆ ಎಂದಿದ್ದರಂತೆ. “ಕೋಸಿಗೆ ಇದು ಹತ್ತಲ್ಲ ಕಣಣ್ಣ” ಎಂದೆ. “ಹಂಗಾರೆ ಇನ್ಯಾತಕ್ಕೆ ಹಾಕ್ಲಿ? ಜೋಳ ಎಲ್ಲೈತೆ?” ಎಂದರು.