ದಾನ ಬಂದ ಕೋಡಿಗೂ ಉತಾರ ಬೇಕು

ಕೆಲ ತಿಂಗಳಿಂದ ನನ್ನ ಸಂಜೆಗಳೆಲ್ಲ ಬೇರೆಯವರ ಕೋಡಿನ ಮೊದಲ ಹದಿನೈದು ಸಾಲು ಓದೋದ್ರಲ್ಲೇ ಕಳೀತಿವೆ. ಕೋಡಲ್ಲ ಮತ್ತೆ, ಬರೀ ಹೆಡರ್! ನಾನು ಕೈಜೋಡಿಸಿರೋ ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಬೆಂಗಳೂರಿನ ಕಂಪನಿಯೊಂದು ತನ್ನ ಕನ್ನಡ ತಂತ್ರಾಂಶದ ಕೋಡು ದಾನ ಕೊಟ್ಟಿದೆ. ಪ್ರತಿ ಫೈಲಿನ ತಲೆ ಮೇಲೆ ಇದು ಯಾರದ್ದು, ಯಾವ ಲೈಸೆನ್ಸಿನಡಿ ಕೊಟ್ಟಿದ್ದು ಅಂತ ಇರ್ಬೇಕು. ಅದನ್ನ ನೋಡೋ ಕೆಲಸ ನನ್ನ ಪಾಲಿಗೆ ಬಂತು.

ಇಂಡಿಯಲ್ಲಿರೋ ಕಾಕಾಗೆ ಫೋನಲ್ಲಿ ಹೇಳಿದ್ರೆ ಒಂದೇ ಪ್ರಶ್ನೆ: “ದಾನ ಕೊಟ್ಟಾರ ಖರೆ, ಹೊಲ ಅವರದ ಹೌದಲ್ಲೋ? ಉತಾರ ತಗಸಿ ನೋಡಿಯೇನು?” (ನಮ್ಮ ಕಡೆ ಪಹಣಿಗೆ ಉತಾರ ಅಂತೀವಿ.) ಯಾವ ಕೈಪಿಡಿಯೂ ಇಷ್ಟು ಚೆಂದ ಹೇಳಿಲ್ಲ ನೋಡಿ. ಅದೇ ಇಂಡಿ ತಾಲೂಕಿನ ಸಾಲೋಟಗಿಯ ಕ್ರಿ.ಶ. 945ರ ಶಾಸನ, ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲದ್ದು, ಅಲ್ಲಿನ ವಿದ್ಯಾಲಯಕ್ಕೆ ಕೊಟ್ಟ ದಾನದಲ್ಲಿ ದೀಪಕ್ಕೆಷ್ಟು, ಗುರುವಿಗೆಷ್ಟು ಅಂತ ಕಲ್ಲಿನ ಮೇಲೇ ಹೇಳುತ್ತೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಬೆಂಗಳೂರಿನ ಇನ್‌ಮೊಬಿಯಲ್ಲಿ ಹುಟ್ಟಿದ ಫಾಲ್ಕನ್ 2013ರಲ್ಲಿ ಅಪಾಚೆಗೆ ಹೋದಾಗ್ಲೂ ಅದೇ ನಿಯಮ. ಒರಾಕಲ್ 2011ರಲ್ಲಿ ಓಪನ್ ಆಫೀಸ್ ಕೊಟ್ಟ ಮೇಲೆ ಹೆಡರ್ ಬದಲಿಸಿ, ಹೊಂದದ ಲೈಸೆನ್ಸಿನ ಭಾಗ ತೆಗೆದು ಮೊದಲ ಬಿಡುಗಡೆ ಆಗೋವಷ್ಟರಲ್ಲಿ 2012ರ ಮೇ ತಿಂಗಳು! ಅಪಾಚೆಯವರದೇ ರ‍್ಯಾಟ್ ಅನ್ನೋ ಸಲಕರಣೆ ಇದೆ; ಹೆಡರ್ ಇಲ್ಲದ ಫೈಲುಗಳನ್ನ ಹೆಕ್ಕಿ ಕೊಡುತ್ತೆ. ಇರೋ ಹೆಡರ್ ನಿಜವೋ ಸುಳ್ಳೋ, ಪಾಪ ಇಲಿಗೇನು ಗೊತ್ತು?

ಪದಗಳನ್ನ ಅಕಾರಾದಿಯಾಗಿ ಜೋಡಿಸೋ ಒಂದು ಫೈಲಿತ್ತು. ಮೇಲೆ ಕಂಪನಿಯ ಹೆಸರು, ರ‍್ಯಾಟ್ ಕೂಡ ಪಾಸ್ ಮಾಡಿತ್ತು. ಒಳಗೆ ‘ಕ್ಷ’ದ ಹತ್ತಿರ ಪುಟ್ಟ ಟಿಪ್ಪಣಿ: “ಇದನ್ನ ಕ ಜೋಡಿ ಇಡೂಣು.” ಇಡೂಣು? ಬೆಂಗಳೂರಿನ ಆಫೀಸಲ್ಲಿ ಯಾರಪ್ಪಾ ಹೀಗಂತಾರೆ ಅಂತ ಹುಡುಕಿದೆ. ಸಿಂದಗಿಯ ಮೇಷ್ಟ್ರೊಬ್ಬರು ವರ್ಷಗಳ ಹಿಂದೆ ಜಿಪಿಎಲ್ ಅಡಿ ಹಂಚಿದ್ದ ಕೋಡು ಸಿಕ್ತು. ಅಕ್ಷರಕ್ಕಕ್ಷರ ಅದೇ. ಅವರ ಹೆಸರಿದ್ದ ಎಂಟು ಸಾಲು ಮಾತ್ರ ಮಾಯ.

ನಮ್ಮ ಪೋಸ್ಟನ್ನ ಹೆಸರು ತೆಗೆದು ಫಾರ್ವರ್ಡ್ ಮಾಡಿದಾಗ ಹೊಟ್ಟೆ ಉರಿಯುತ್ತಲ್ಲ, ಗೆಳೆಯರೇ, ಅದೇ ಇದು. ಕಂಪನಿ ಕೇಳಿದ್ರೆ “ಹಳೇ ಉದ್ಯೋಗಿ ಯಾರೋ ಹಾಕಿರ್ಬೇಕು” ಅಂತು.

ನಮ್ಮದು ಅಪಾಚೆ ಲೈಸೆನ್ಸು. ಜಿಪಿಎಲ್ ಕೋಡು ಇದರೊಳಗೆ ಸೇರಬೇಕಂದ್ರೆ ಬರೆದವರೇ ಒಪ್ಪಬೇಕು. “ಎರಡು ತಾಸಿನ ಕೆಲಸ, ಹೊಸದಾಗಿ ಬರೀರಿ” ಅಂದ್ರು ಕೆಲವರು. ಬರೀಬಹುದು. ಆದ್ರೆ ಮೇಷ್ಟ್ರನ್ನ ಮೊದಲು ಕೇಳ್ಬೇಕು ಅಂತ ನಾನು ಹಟ ಹಿಡಿದೆ. ಹಳೇ ಇಮೇಲ್ ವಿಳಾಸಕ್ಕೆ ಕಳಿಸಿದ್ದು ವಾಪಸ್ ಬಂತು. ಈಗ ಕಾಕಾನ ಪರಿಚಯದವರ ಕೈಲಿ ಸಿಂದಗಿಗೆ ಕಾಗದ ಹೋಗಿದೆ. ಫೈಲು ಸದ್ಯಕ್ಕೆ ಹೊರಗೇ ಇದೆ.