ಗೌಡಿಯ ಊರಿನಲ್ಲಿ ಅಜ್ಜ, ಮೊಮ್ಮಗ

ಕಳೆದ ವರ್ಷ ಮೊಮ್ಮಗನಿಗೆ ಜ್ವರ ಬಂದು ಕೀಲುಗಳೆಲ್ಲ ಬಾತುಕೊಂಡವು. ಜ್ವರವೇನೋ ಇಳಿಯಿತು. ಆದರೆ ಒಂದು ವರ್ಷ ಓಡುವಂತಿಲ್ಲ, ಕ್ರಿಕೆಟ್ ಆಡುವಂತಿಲ್ಲ ಎಂದರು ಡಾಕ್ಟರು. ಐದನೇ ಕ್ಲಾಸಿನ ಹುಡುಗ, ಮಾತನ್ನೇ ಕಡಿಮೆ ಮಾಡಿಬಿಟ್ಟ. ಬೇಸಿಗೆ ರಜೆಯಲ್ಲಿ ಮಗ ಕೆಲಸದ ಮೇಲೆ ಸ್ಪೇನಿನ ಬಾರ್ಸಿಲೋನಾಕ್ಕೆ ಹೊರಟಾಗ ನಮ್ಮಿಬ್ಬರನ್ನೂ ಕರೆದೊಯ್ದ. ನನಗೋ ಮಂಡಿನೋವು. ಹಾಗಾಗಿ ನಾವು ಆ ಊರನ್ನು ನೋಡಿದ್ದು ಹೆಚ್ಚಾಗಿ ಕುಳಿತುಕೊಂಡೇ.

ಅಲ್ಲಿ ಎಲ್ಲಿ ಹೋದರೂ ಆಂಟೊನಿ ಗೌಡಿ ಎಂಬ ವಾಸ್ತುಶಿಲ್ಪಿಯ ಹೆಸರು. "ನಮ್ಮ ಗೌಡರ ಪೈಕಿಯಾ ಅಜ್ಜ?" ಎಂದ ಮೊಮ್ಮಗ. ಎಷ್ಟೋ ದಿನಗಳ ಮೇಲೆ ಅವನು ಮಾಡಿದ ತಮಾಷೆ ಅದು.

ಮೊದಲು ಹೋದದ್ದು ಪಾರ್ಕ್ ಗುವೆಲ್‌ಗೆ. ಗುಡ್ಡದ ಮೇಲೊಂದು ಅಂಗಳ, ಅದರ ಅಂಚಿಗೆ ಹಾವಿನ ಹಾಗೆ ಬಳುಕುವ ಉದ್ದನೆಯ ಬೆಂಚು. ಮೈತುಂಬ ಒಡೆದ ಟೈಲ್ಸಿನ ಬಣ್ಣದ ಚೂರುಗಳು. ಅಂಗಳಕ್ಕೆ ಬಿದ್ದ ಮಳೆನೀರು ಇಂಗಿ, ಕೆಳಗಿನ ಕಂಬಗಳ ಒಳಗಿಂದಲೇ ಇಳಿದು ತೊಟ್ಟಿ ಸೇರುತ್ತದಂತೆ. ತೊಟ್ಟಿ ತುಂಬಿದರೆ ಹೆಚ್ಚಾದ ನೀರು ಮೆಟ್ಟಿಲ ಮೇಲೆ ಕುಳಿತ ಓತಿಕ್ಯಾತದಂಥ ಪ್ರಾಣಿಯ ಬಾಯಿಂದ ಹೊರಗೆ! ಇವನು ಕಣ್ಣರಳಿಸಿದ. ಆಗ ಹೇಳಿದೆ: 1852ರಲ್ಲಿ ಹುಟ್ಟಿದ ಈ ಗೌಡಿಗೂ ಚಿಕ್ಕಂದಿನಲ್ಲಿ ಕೀಲುನೋವು ಇತ್ತು, ಬೇರೆ ಹುಡುಗರು ಓಡುವಾಗ ಅವನು ಕೂತು ಗಿಡ, ಹುಳ, ಬಸವನಹುಳು ನೋಡುತ್ತಿದ್ದ. ಮೊಮ್ಮಗ ಏನೂ ಅನ್ನಲಿಲ್ಲ.

ಮಾರನೇ ದಿನ ಸಗ್ರಾದಾ ಫಮೀಲಿಯಾ ಚರ್ಚು. 1882ರಲ್ಲಿ ಶುರುವಾದ ಕಟ್ಟಡ, ನಾವು ಹೋದಾಗಲೂ ಕ್ರೇನುಗಳು ನಿಂತಿದ್ದವು. ಕೆಲಸ ನಡೆಯುವುದು ಕಾಣಿಕೆಯಿಂದ, ಟಿಕೆಟ್ ಹಣದಿಂದ. ಇಷ್ಟು ವರ್ಷ ಮುಗಿಯದ ಲೆಕ್ಕ ನಮ್ಮ ಬ್ಯಾಂಕಿನಲ್ಲಿ ಇದ್ದಿದ್ದರೆ ಆಡಿಟರು ಬಿಡುತ್ತಿದ್ದರೇ? ಒಳಗೆ ಹೋಗಿ ಕತ್ತೆತ್ತಿದೆ. "ನಮ್ಮ ಶಿರಸಿಯ ಅಡಿಕೆ ತೋಟ ಇದ್ದಹಾಗಿದೆ" ಎಂದೆ. "ಅಡಿಕೆ ಮರಕ್ಕೆ ಕೊಂಬೆ ಎಲ್ಲಿದೆ ಅಜ್ಜ? ಇದು ಕಾಡು" ಎಂದ. ಹುಡುಗ ಹೇಳಿದ್ದೇ ಸರಿ. ಕಂಬಗಳು ಮೇಲೆ ಹೋಗಿ ಮರದಂತೆ ಕವಲೊಡೆದು ಛಾವಣಿ ಹೊತ್ತಿದ್ದವು. ಹೊರಗೆ ಎರಡು ಕಂಬಗಳ ಬುಡದಲ್ಲಿ ಆಮೆಗಳಿದ್ದವು. ಸಮುದ್ರದ ಕಡೆ ಕಡಲಾಮೆ, ಬೆಟ್ಟದ ಕಡೆ ನೆಲದಾಮೆ. ಕಾಲು ನೋಡಿ ಅದನ್ನು ಗುರುತಿಸಿದವನೂ ಅವನೇ.

ಗೌಡಿಯ ಒಂದು ಉಪಾಯವಂತೂ ಅವನನ್ನು ಹಿಡಿದೇ ಬಿಟ್ಟಿತು. ದಾರದ ಎರಡೂ ತುದಿ ಕಟ್ಟಿ ಇಳಿಬಿಟ್ಟರೆ ಅದು ತಾನಾಗಿಯೇ ಒಂದು ಬಾಗು ತಾಳುತ್ತದೆ. ಅದನ್ನೇ ತಲೆಕೆಳಗು ಮಾಡಿದರೆ ಗಟ್ಟಿ ಕಮಾನು. ಇನ್ನೊಂದು ಚರ್ಚಿಗಾಗಿ ಗೌಡಿ ಹೀಗೆ ದಾರಗಳಿಗೆ ಸೀಸದ ಗುಂಡಿನ ಪುಟ್ಟ ಚೀಲ ಕಟ್ಟಿ ಮಾದರಿ ಮಾಡಿದ. ಅದಕ್ಕೇ ಸುಮಾರು 10 ವರ್ಷ ಹಿಡಿಯಿತು. ಅಂಥ ಮಾದರಿಯ ಫೋಟೋ ತೆಗೆದು, ಮೊಬೈಲ್ ತಿರುಗಿಸಿ, "ನೋಡು ಅಜ್ಜ, ಎದ್ದು ನಿಂತಿತು!" ಎಂದು ಕೂಗಿದ.

ಗೌಡಿಯ ಸಮಾಧಿ ಇರುವುದೂ ಈ ಚರ್ಚಿನ ನೆಲಮಾಳಿಗೆಯಲ್ಲೇ. 1926ರಲ್ಲಿ ಟ್ರಾಂ ಬಡಿದು ಬಿದ್ದಾಗ, ಹಳೆಯ ಬಟ್ಟೆ ಕಂಡು ಜನ ಭಿಕ್ಷುಕನೆಂದೇ ತಿಳಿದಿದ್ದರಂತೆ. ಆಗ ಅವನಿಗೆ 73, ಈಗಿನ ನನ್ನದೇ ವಯಸ್ಸು. ಅಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ಊರಿಗೆ ಬಂದ ಮೇಲೆ ಒಂದು ಸಂಜೆ, ಜಗಲಿಯಲ್ಲಿ ದಾರಕ್ಕೆ ಅಡಿಕೆ ಕಟ್ಟಿಕೊಂಡು ಕೂತಿದ್ದ. ಬೀದಿಯಲ್ಲಿ ಹುಡುಗರ ಕ್ರಿಕೆಟ್ ಜೋರಾಗಿತ್ತು. ಒಮ್ಮೆ ಆ ಕಡೆ ನೋಡಿದ. ಆಮೇಲೆ ದಾರದ ಒಂದು ತುದಿ ನನ್ನ ಕೈಗೆ ಕೊಟ್ಟು, "ಗಟ್ಟಿ ಹಿಡಕೋ ಅಜ್ಜ, ಅಲ್ಲಾಡಿಸಬೇಡ" ಎಂದ.